ಕಪ್ಪು ಟ್ರಂಕು, ಪಂಚರ್ ಬಾಂಡ್ಲಿ: ಮಿಲಿಟ್ರಿಯಿಂದ ಬಂದು ಸೈಕಲ್ ಶಾಪ್ ಇಟ್ಟ ತಾತನನ್ನು ಬರೆದಿಡುವ ಬಗೆ

ಎಲ್ಲರಿಗೂ ನಮಸ್ಕಾರ.

ತಾತ ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಗೋ ವರ್ಷದ ತಿಥಿಗೋ ಮನೆಯವರು ಒಂದು ಪುಟ ಅಚ್ಚು ಹಾಕಿಸುತ್ತಾರೆ. ಮೇಲೆ ಫೋಟೊ, ಕೆಳಗೆ ನಾಲ್ಕು ಸಾಲು: ಶಿಸ್ತಿನ ಸಿಪಾಯಿ, ಶ್ರಮಜೀವಿ, ಸ್ನೇಹಜೀವಿ, ಕುಟುಂಬವತ್ಸಲ. ಆ ಪುಟದಲ್ಲಿ ಹೆಸರು ಅಳಿಸಿ ಪಕ್ಕದ ಬೀದಿಯ ಇನ್ನೊಬ್ಬ ಹಿರಿಯರ ಹೆಸರು ಬರೆದರೂ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ತಕರಾರು ಅಷ್ಟೇ. ಹೆಸರು ಬದಲಿಸಿದರೆ ಸುಳ್ಳಾಗಿಬಿಡುವಂಥ ಪುಟ ಬರೆಯುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಒಂದು ಮಾದರಿ ಇಟ್ಟುಕೊಳ್ಳೋಣ. ಇವರು ಯಾವೊಬ್ಬ ನಿಜವಾದ ವ್ಯಕ್ತಿಯೂ ಅಲ್ಲ, ಆದರೆ ನಮ್ಮ ತಾಲೂಕು ಕೇಂದ್ರಗಳಲ್ಲಿ ಇಂಥವರು ಹಲವರಿದ್ದರು. ಹದಿನೆಂಟು ದಾಟುತ್ತಿದ್ದಂತೆ ಭರ್ತಿಯಾಗಿ, ಸೈನ್ಯದ ಗಾಡಿ ರಿಪೇರಿ ಮಾಡುವ ಇ.ಎಂ.ಇ. ದಳ ಸೇರಿ, ಹದಿನೈದಕ್ಕೂ ಹೆಚ್ಚು ವರ್ಷ ವೆಹಿಕಲ್ ಮೆಕ್ಯಾನಿಕ್ ಆಗಿದ್ದು ಪೆನ್ಷನ್ ತಗೊಂಡು ಊರಿಗೆ ಬಂದವರು. ಮೋಟಾರು ಗ್ಯಾರೇಜು ಇಡುವಷ್ಟು ಬಂಡವಾಳ ಇಲ್ಲ. ಬಸ್‌ಸ್ಟ್ಯಾಂಡ್ ಪಕ್ಕ ಹತ್ತಡಿ ಜಾಗದಲ್ಲಿ ಸೈಕಲ್ ಶಾಪ್ ಇಟ್ಟರು, ಗಂಟೆ ಲೆಕ್ಕಕ್ಕೆ ಬಾಡಿಗೆಗೂ ಸೈಕಲ್ ಕೊಟ್ಟರು. ಊರಲ್ಲಿ ಅವರ ಹೆಸರು ‘ಮಿಲಿಟ್ರಿ ಸಾಹೇಬ್ರು’, ಅಂಗಡಿ ‘ಮಿಲಿಟ್ರಿ ಶಾಪು’. ನಿಮ್ಮ ತಾತ ಸೈಕಲ್ ಬದಲು ದರ್ಜಿ, ಬಡಗಿ, ವೆಲ್ಡಿಂಗ್, ರೇಡಿಯೊ ರಿಪೇರಿ ಮಾಡಿದ್ದರೆ ನಾನು ಹೇಳುವುದನ್ನು ಆ ಕಸಬಿಗೆ ಹೊಂದಿಸಿಕೊಳ್ಳಿ.

ಮೊದಲ ಕೆಲಸ ನೆನಪು ಕೇಳುವುದಲ್ಲ, ಟ್ರಂಕು ನೋಡುವುದು. ಅಟ್ಟದ ಮೇಲೋ ಮಂಚದ ಕೆಳಗೋ ಕಪ್ಪು ಬಣ್ಣದ ತಗಡಿನ ಟ್ರಂಕು ಇರುತ್ತದೆ. ತೆಗೆಯುವ ಮುಂಚೆ ಮುಚ್ಚಳ ಓದಿ. ಬಿಳಿ ಬಣ್ಣದಲ್ಲಿ ನಂಬರು, ರ್‍ಯಾಂಕು, ಹೆಸರು, ಯೂನಿಟ್ ಬರೆದಿರುತ್ತದೆ. ಹಲವು ಟ್ರಂಕುಗಳಲ್ಲಿ ಹತ್ತಿರದ ರೈಲ್ವೆ ಸ್ಟೇಷನ್ ಹೆಸರೂ ಇರುತ್ತದೆ. ಬಡ್ತಿ ಸಿಕ್ಕಾಗ ಹಳೇ ರ್‍ಯಾಂಕಿನ ಮೇಲೆ ಕಪ್ಪು ಬಳಿದು ಹೊಸದು ಬರೆಸುತ್ತಿದ್ದರು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಕೆಳಗಿನ ಅಕ್ಷರ ಉಬ್ಬಿ ಕಾಣಿಸುತ್ತದೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಇದಕ್ಕೂ ಒಂದು ಕೋಟ್ ಹೊಡೆಸಿಬಿಡುವ ಉತ್ಸಾಹ ಬೇಡ. ಅಲ್ಲಿಗೆ ಅರ್ಧ ಚರಿತ್ರೆ ಹೋಯಿತು.

ಒಳಗಿರುವ ಕಾಗದಗಳಲ್ಲಿ ಮುಖ್ಯವಾದದ್ದು ಡಿಸ್ಚಾರ್ಜ್ ಬುಕ್. ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಬಿಡುಗಡೆಯ ಕಾರಣ, ಟ್ರೇಡು ಅಂದರೆ ಸೈನ್ಯದಲ್ಲಿ ಮಾಡಿದ ಕಸಬು, ಪದಕ, ಗುರುತಿನ ಮಚ್ಚೆ, ಕೊನೆಗೆ ನಡತೆ. ನಡತೆಯ ಕಡೆ ‘ಎಕ್ಸೆಂಪ್ಲರಿ’ ಅಂತ ಇದ್ದರೆ ಅದು ಅತಿ ಮೇಲಿನದು. ‘ವೆರಿ ಗುಡ್’, ‘ಗುಡ್’ ಅದಕ್ಕಿಂತ ಕೆಳಗೆ. ಮನೆಯವರು ‘ಗುಡ್’ ಅಂತ ಓದಿ ಹಿಗ್ಗುವುದುಂಟು. ಹಿಗ್ಗಲಿ, ಆದರೆ ಬರೆಯುವಾಗ ಅದು ಒಂದು ಶ್ರೇಣಿ ಅನ್ನುವುದು ಗೊತ್ತಿರಲಿ. ‘ಆರ್ಮಿ ಥರ್ಡ್ ಕ್ಲಾಸ್’ ಅಂತ ಕಂಡರೆ ಕೀಳು ಅಂದುಕೊಳ್ಳಬೇಡಿ. ಅದು ಸೈನ್ಯದೊಳಗೆ ಓದಿ ಪಾಸು ಮಾಡಿದ ಶಿಕ್ಷಣ ಪ್ರಮಾಣಪತ್ರದ ಹೆಸರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಬ್ಯಾರಕ್ಕಿನಲ್ಲಿ ಹಿಂದಿ ಕಲಿತು ಪರೀಕ್ಷೆ ಕಟ್ಟಿದ್ದಾನೆ ಅಂದರೆ ಅದಕ್ಕೆ ಒಂದು ಪ್ಯಾರಾ ಕೊಡಬಹುದು.

ಈ ಪುಸ್ತಕದಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಹೆಸರು. ನಮ್ಮ ಹೆಸರುಗಳನ್ನು ಬೇರೆ ಭಾಷೆಯ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾರೆ. ಹನುಮಂತಪ್ಪ ಹಣಮಂತಪ ಆಗಿರುತ್ತಾನೆ, ಊರಿನ ಹೆಸರು ಅಡ್ಡಹೆಸರಾಗಿ ಕೂತಿರುತ್ತದೆ. ಕಚೇರಿಗೆ ಬರೆಯುವ ಕಾಗದದಲ್ಲಿ ಅಲ್ಲಿ ಇರುವ ಕಾಗುಣಿತವನ್ನೇ ಬಳಸಬೇಕು. ಮನೆಯ ಪುಸ್ತಕದಲ್ಲಿ ಎರಡನ್ನೂ ಕೊಡಬೇಕು. ಇನ್ನೊಂದು, ಹುಟ್ಟಿದ ದಿನ. ಜೂನ್ 1 ಅಂತ ಇದ್ದರೆ ಅನುಮಾನಪಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು, ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಜಾತಕ ಇದ್ದರೆ ಪಕ್ಕದಲ್ಲಿಟ್ಟು ನೋಡಿ, ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತು ಅಂತಲೂ ಬರೆಯಿರಿ.

ಈಗ ಪದಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ‘ನಮ್ಮ ತಾತ 71ರ ಯುದ್ಧದಲ್ಲಿ ಹೋರಾಡಿದವರು’ ಅನ್ನುವ ವಾಕ್ಯ ನಿಜವೋ ಅಲ್ಲವೋ ತೀರ್ಮಾನವಾಗುವುದು ಇಲ್ಲೇ. ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ನಂಬರು, ರ್‍ಯಾಂಕು, ಹೆಸರು, ದಳ ಕೊರೆದಿರುತ್ತದೆ. ಆ ನಂಬರು ಡಿಸ್ಚಾರ್ಜ್ ಬುಕ್ಕಿನ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಅದು ತಾತನ ತಮ್ಮನದ್ದೋ ಗೆಳೆಯನದ್ದೋ ಇರಬಹುದು. ಒಂದು ಅಪವಾದ ಇದೆ: ನಾಯಬ್ ಸುಬೇದಾರ್ ಆಗಿ ಜೆ.ಸಿ.ಒ. (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಗೆ ಏರಿದವರಿಗೆ ‘ಜೆಸಿ’ ಅಂತ ಶುರುವಾಗುವ ಹೊಸ ನಂಬರು ಸಿಗುತ್ತದೆ, ಹಾಗಾಗಿ ಹಳೇ ಪದಕದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ನಂಬರು ಇರುತ್ತದೆ.

1971ರ ಯುದ್ಧಕ್ಕೆ ಸಂಗ್ರಾಮ್ ಪದಕ ಅಂತ ಒಂದಿದೆ. ಅದು ಆ ಹೊತ್ತಿನಲ್ಲಿ ಸೇವೆಯಲ್ಲಿದ್ದವರಿಗೆಲ್ಲ ವ್ಯಾಪಕವಾಗಿ ಕೊಟ್ಟದ್ದು. ಯುದ್ಧಭೂಮಿಯಿಂದ ದೂರದ ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚುತ್ತಿದ್ದವರಿಗೂ ಬಂದಿದೆ. ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದವರಿಗೆ ಬೇರೆ ಇವೆ: ಪೂರ್ವದ ಕಡೆಗೆ ಪೂರ್ವಿ ಸ್ಟಾರ್, ಪಶ್ಚಿಮದ ಕಡೆಗೆ ಪಶ್ಚಿಮಿ ಸ್ಟಾರ್. 1965ರದ್ದೂ ಹೀಗೇ: ರಕ್ಷಾ ಪದಕ ಅಗಲವಾಗಿ ಹಂಚಿದ್ದು, ಸಮರ್ ಸೇವಾ ಸ್ಟಾರ್ ಕಾರ್ಯಾಚರಣೆಯಲ್ಲಿದ್ದವರಿಗೆ. ನಕ್ಷತ್ರ ಇದ್ದರೆ ಮುಂಚೂಣಿಯ ಕಡೆ, ದುಂಡನೆಯದು ಮಾತ್ರ ಇದ್ದರೆ ಹಿಂದಿನ ಕಡೆ ಅಂತ ಈ ಎರಡು ಯುದ್ಧಗಳ ಮಟ್ಟಿಗೆ ಮೊದಲ ಅಂದಾಜು ಕಟ್ಟಬಹುದು. ಸ್ವಾತಂತ್ರ್ಯದ 25ನೇ ವರ್ಷದ ಪದಕ ಇದ್ದರೆ 1972ರ ಆಗಸ್ಟ್ 15ರಂದು ಅವರು ಇನ್ನೂ ಸಮವಸ್ತ್ರದಲ್ಲಿದ್ದರು. 9 ವರ್ಷದ, 20 ವರ್ಷದ ದೀರ್ಘ ಸೇವಾ ಪದಕಗಳು ಹೆಸರಿನಲ್ಲೇ ಲೆಕ್ಕ ಹೇಳುತ್ತವೆ. ಸೈನ್ಯ ಸೇವಾ ಪದಕದ ಪಟ್ಟಿಯ ಮೇಲೆ ಚಿಕ್ಕ ಲೋಹದ ಅಡ್ಡಪಟ್ಟಿ ಇರುತ್ತದೆ, ಅದರಲ್ಲಿ ‘ಜಮ್ಮು ಮತ್ತು ಕಾಶ್ಮೀರ’, ‘ಹಿಮಾಲಯ’, ‘ನೇಫಾ’ ಹೀಗೆ ಜಾಗದ ಹೆಸರು. ನೇಫಾ ಅಂದರೆ ಇವತ್ತಿನ ಅರುಣಾಚಲ.

ವರ್ಕ್‌ಶಾಪಿನಲ್ಲಿದ್ದರು ಅಂತ ಗೊತ್ತಾದರೆ ಮೊಮ್ಮಕ್ಕಳ ಮುಖ ಚಿಕ್ಕದಾಗುತ್ತದೆ. ಯಾಕೆ? 1971ರ ಡಿಸೆಂಬರ್ 3ರಿಂದ 16ರವರೆಗೆ ಪೂರ್ವದಲ್ಲಿ ನಡೆದದ್ದು ನದಿ, ಕೆಸರುಗಳ ಯುದ್ಧ. ಕೆಟ್ಟು ನಿಂತ ಒಂದು ಲಾರಿ ಹಿಂದಿನ ಇಪ್ಪತ್ತನ್ನು ನಿಲ್ಲಿಸುತ್ತದೆ. ಜಬಲ್‌ಪುರದಲ್ಲಿ 1959ರಿಂದ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ತಯಾರಾದ ಶಕ್ತಿಮಾನ್ ಲಾರಿ, ಆಮೇಲೆ ಬಂದ ನಿಸ್ಸಾನ್ ಒನ್‌ಟನ್ ಲಾರಿ, ಜೋಂಗಾ ಜೀಪು ಇವುಗಳ ಕ್ಲಚ್ಚು, ಬ್ರೇಕು, ಎಂಜಿನ್ನು ಯಾರದೋ ಕೈಯಲ್ಲಿ ಸರಿಯಾಗಿದ್ದವು. ತಾತ ಗುಂಡು ಹಾರಿಸಿದರು ಅಂತ ಬರೆಯುವುದಕ್ಕಿಂತ ಇಂಥ ಗಾಡಿಯ ಕ್ಲಚ್ ಪ್ಲೇಟು ಬದಲಿಸಿದರು ಅಂತ ಬರೆಯುವುದು ಕಷ್ಟ, ಯಾಕೆಂದರೆ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಫೋಟೊಗಳಿಗೆ ಬಂದರೆ, ತೋಳಿನ ಪಟ್ಟಿ ಎಣಿಸಿ: ಒಂದು ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಇ.ಎಂ.ಇ.ಯಲ್ಲಿ ಏನೂ ಪಟ್ಟಿ ಇಲ್ಲದವನ ದರ್ಜೆಯ ಹೆಸರು ‘ಕ್ರಾಫ್ಟ್ಸ್‌ಮನ್’, ಅಂದರೆ ಕಸಬುದಾರ. ಕಾಲ್ದಳದಲ್ಲಿ ಅದೇ ದರ್ಜೆಗೆ ಸಿಪಾಯಿ, ಮದ್ರಾಸ್ ಸ್ಯಾಪರ್‌ಗಳಲ್ಲಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಸ್ಯಾಪರ್. ಟೋಪಿಯ ಬಿಲ್ಲೆಯಲ್ಲಿ ಕಿರೀಟ ಕಂಡರೆ ಫೋಟೊ ಗಣರಾಜ್ಯಕ್ಕಿಂತ ಮುಂಚಿನದು, ಅಂದರೆ ತಾತನದ್ದಲ್ಲ, ಮುತ್ತಾತನದ್ದಿರಬಹುದು. ಹಿಂಬದಿಯಲ್ಲಿ ಸ್ಟುಡಿಯೊ ಮುದ್ರೆ ಇದೆಯೇ ನೋಡಿ. ಸಿಕಂದರಾಬಾದ್ ಅಂತಿದ್ದರೆ ಇ.ಎಂ.ಇ. ತರಬೇತಿ ಕಾಲದ್ದಿರಬಹುದು, ಆ ದಳದ ಒಂದು ಕೇಂದ್ರ ಅಲ್ಲಿದೆ.

ಸೈನ್ಯದಿಂದ ಬರೆದ ಪತ್ರಗಳ ಮೇಲೆ ಊರಿನ ಹೆಸರೇ ಇರುವುದಿಲ್ಲ, ‘56 ಎ.ಪಿ.ಒ.’ ಇಲ್ಲವೇ ‘99 ಎ.ಪಿ.ಒ.’ ಅಂತ ಮಾತ್ರ. ಎ.ಪಿ.ಒ. ಅಂದರೆ ಸೈನ್ಯದ ಅಂಚೆ ಕಚೇರಿ. 56 ಉತ್ತರ, ಪಶ್ಚಿಮದ ಕಡೆಯ ಯೂನಿಟ್ಟುಗಳಿಗೆ, 99 ಪೂರ್ವದ ಕಡೆಗೆ. ಇಷ್ಟರಿಂದಲೇ ಆ ವರ್ಷ ಅವರು ದೇಶದ ಯಾವ ಮೂಲೆಯಲ್ಲಿದ್ದರು ಅನ್ನುವ ಅಂದಾಜು ಸಿಗುತ್ತದೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಅಂತ ಬರೆದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಮುಂಚೆ, ಆದರೆ ಬರೆಯುವ ಕೈಗೆ ಹಳೇ ಅಭ್ಯಾಸ ಬೇಗ ಹೋಗುವುದಿಲ್ಲ ಅನ್ನುವುದು ನೆನಪಿರಲಿ. ಮನಿಯಾರ್ಡರ್ ಕೂಪನ್ನುಗಳನ್ನು ರಸೀದಿ ಅಂದುಕೊಂಡು ಒಲೆಗೆ ಹಾಕಬೇಡಿ. ಆ ಚೂರು ಜಾಗದಲ್ಲಿ ‘ಎಮ್ಮೆ ಕರು ಹಾಕಿತೆ’ ಅಂತ ಕೇಳಿರುತ್ತಾರೆ. ನಾಲ್ಕು ಪುಟದ ಪತ್ರದಲ್ಲಿ ಇಲ್ಲದ್ದು ಅಲ್ಲಿರುತ್ತದೆ, ಯಾಕೆಂದರೆ ಜಾಗ ಇಲ್ಲ, ಮುಖ್ಯವಾದದ್ದನ್ನೇ ಬರೆಯಬೇಕು.

ಟ್ರಂಕಿನಲ್ಲಿ ಏನೂ ಉಳಿದಿಲ್ಲದಿದ್ದರೆ ದಳದ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಇ.ಎಂ.ಇ.ಯದ್ದು ಸಿಕಂದರಾಬಾದಿನಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದ್ದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನದ್ದು ಜಬಲ್‌ಪುರದಲ್ಲಿ, ಮದ್ರಾಸ್ ರೆಜಿಮೆಂಟಿನದ್ದು ವೆಲ್ಲಿಂಗ್ಟನ್‌ನಲ್ಲಿ. ನಂಬರು, ದಾಖಲೆಯಲ್ಲಿರುವ ಹೆಸರು, ಭರ್ತಿ ಮತ್ತು ಬಿಡುಗಡೆಯ ತಾರೀಕು, ಪೆನ್ಷನ್ ಆದೇಶದ ನಂಬರು, ನಿಮ್ಮ ಸಂಬಂಧದ ಪುರಾವೆ, ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇಷ್ಟು ಜೊತೆಗಿರಲಿ. ನಂಬರು ಗೊತ್ತಿಲ್ಲದೆ ಬರೀ ಹೆಸರು ಬರೆದರೆ ಹುಡುಕಿಕೊಡುವುದು ಆಗದ ಮಾತು. ನಂಬರು ಎಲ್ಲಿಯೂ ಸಿಗದಿದ್ದರೆ ಬ್ಯಾಂಕಿನ ಪೆನ್ಷನ್ ಕಾಗದ, ಮಿಲಿಟ್ರಿ ಕ್ಯಾಂಟೀನ್ ಕಾರ್ಡು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ನೋಂದಣಿ ಈ ಮೂರು ಕಡೆ ನೋಡಿ. ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿಯ ಕಡತದಲ್ಲೂ ಮಾಜಿ ಸೈನಿಕ ಅನ್ನುವುದಕ್ಕೆ ದಾಖಲೆ ಲಗತ್ತಿಸಿರಬಹುದು.

ಇನ್ನು ಅಂಗಡಿ. ನನ್ನ ಪ್ರಕಾರ ಬದುಕಿನ ದೊಡ್ಡ ಪಾಲು ಇಲ್ಲಿದೆ. ಹದಿನೈದು ವರ್ಷ ಸೈನ್ಯ, ಮೂವತ್ತು ವರ್ಷ ಅಂಗಡಿ. ಆದರೆ ಸಂಸ್ಮರಣೆಯ ಪುಟದಲ್ಲಿ ಸೈನ್ಯಕ್ಕೆ ಮೂರು ಪ್ಯಾರಾ, ಅಂಗಡಿಗೆ ‘ನಂತರ ಸ್ವಂತ ಉದ್ಯೋಗ ಕೈಗೊಂಡರು’ ಅಂತ ಒಂದು ಸಾಲು.

ಬಾಡಿಗೆ ಪುಸ್ತಕ ಸಿಕ್ಕಿದರೆ ಅದು ನಿಧಿ. ಸೈಕಲ್ ನಂಬರು, ಯಾರು, ಹೊರಟ ಹೊತ್ತು, ಬಂದ ಹೊತ್ತು, ಎಷ್ಟು ಪೈಸೆ. ಮೊದಲ ಪುಟ ಹರಿದುಹೋಗಿ ಇಸವಿ ಇಲ್ಲದಿದ್ದರೂ ಕಾಲ ಹೇಳಬಹುದು: ಲೆಕ್ಕ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ರ ಆಸುಪಾಸಿನದ್ದು ಇಲ್ಲವೇ ಹಿಂದಿನದ್ದು, ‘ನ.ಪೈ.’ ಅಂದರೆ ನಯಾಪೈಸೆ ಅಂತಿದ್ದರೆ ಅಲ್ಲಿಂದ 1964ರ ಜೂನ್‌ವರೆಗಿನದ್ದು, ಆಮೇಲೆ ಬರೀ ಪೈಸೆ. ಯಾವ ವಾರ ಸೈಕಲ್ಲುಗಳು ಒಂದೂ ಉಳಿಯದೆ ಹೋಗಿವೆ ನೋಡಿ. ಜಾತ್ರೆ, ಪರೀಕ್ಷೆ, ಟೆಂಟ್ ಸಿನಿಮಾ, ಸುಗ್ಗಿ ಎಲ್ಲ ಅದರಲ್ಲಿ ಕಾಣುತ್ತದೆ. ಉದ್ರಿ ಬರೆದ ಪುಟಗಳನ್ನು ಮಾತ್ರ ಎಚ್ಚರದಿಂದ ಬಳಸಿ. ಯಾರ ಅಪ್ಪ ಎಷ್ಟು ಬಾಕಿ ಉಳಿಸಿಕೊಂಡಿದ್ದರು ಅಂತ ಈಗ ಅಚ್ಚು ಹಾಕಿಸಿ ಊರಲ್ಲಿ ಜಗಳ ತರಬೇಡಿ.

ಆಮೇಲೆ ಸಾಮಾನು. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರ ಬಣ್ಣದಲ್ಲಿ ಬಳಿದಿದ್ದರೆ, ಸಾಮಾನು ಎತ್ತಿಕೊಂಡಾಗ ಖಾಲಿ ಆಕಾರ ಎದ್ದು ಕಾಣುವಂತಿದ್ದರೆ, ಅದು ಸೈನ್ಯದ ವರ್ಕ್‌ಶಾಪಿನ ಪದ್ಧತಿ ಸೈಕಲ್ ಶಾಪಿಗೆ ಬಂದದ್ದು. ಸಂಜೆ ಬಾಗಿಲು ಹಾಕುವಾಗ ಎಣಿಸಬೇಕಾಗಿಲ್ಲ, ನೋಡಿದರೆ ಸಾಕು. ಇದನ್ನು ಫೋಟೊ ತೆಗೆಯದೆ ಹಲಗೆ ಕಿತ್ತು ಗುಜರಿಗೆ ಹಾಕಿದರೆ ‘ಶಿಸ್ತಿನ ಸಿಪಾಯಿ’ ಅನ್ನುವ ಪದ ಉಳಿಯುತ್ತದೆ, ಶಿಸ್ತು ಹೋಗುತ್ತದೆ.

ಕೈಕೆಲಸವನ್ನು ಬರೆಯಬೇಕು. ಹೇಗೆ ಅನ್ನುವುದಕ್ಕೆ ಪಂಚರ್ ತಗೊಳ್ಳಿ. ಎಲ್ಲರೂ ನೋಡಿದ್ದೇವೆ, ಬರೆಯಲು ಕೂತರೆ ಒಂದು ಸಾಲಿಗೆ ಮುಗಿಯುತ್ತದೆ. ವಾಲ್ ಬಿಚ್ಚಿ ಟ್ಯೂಬು ಹೊರಗೆ ಎಳೆದು ಗಾಳಿ ತುಂಬಿ ಬಾಂಡ್ಲಿಯ ನೀರಿನಲ್ಲಿ ಗೇಣು ಗೇಣಾಗಿ ಅದುಮುತ್ತಾ ಹೋಗುತ್ತಾರೆ. ಗುಳ್ಳೆ ಬಂದ ಕಡೆ ಗುರುತು. ಇಲ್ಲಿ ನಿಲ್ಲಬಾರದು, ಪೂರ್ತಿ ಸುತ್ತು ನೋಡಬೇಕು, ಮೊಳೆ ಎರಡೂ ಬದಿ ಹೊಕ್ಕಿರಬಹುದು. ತೂತು ಎಲ್ಲಿದೆ ಅನ್ನುವುದರಲ್ಲೇ ಕಾರಣ ಇದೆ. ಟೈರಿನ ಕಡೆ ಇದ್ದರೆ ಮುಳ್ಳು. ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತುದಿ ರಿಮ್ ಪಟ್ಟಿ ದಾಟಿ ಚುಚ್ಚುತ್ತಿದೆ, ಅದನ್ನು ಅರದಿಂದ ಉಜ್ಜಿ ಪಟ್ಟಿ ಸರಿ ಮಾಡದೆ ಎಷ್ಟು ಪ್ಯಾಚು ಹಾಕಿದರೂ ನಾಳೆ ಮತ್ತೆ ಬರುತ್ತದೆ. ಹಾವು ಕಚ್ಚಿದ ಹಾಗೆ ಜೋಡಿ ತೂತಿದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಕಲ್ಲಿನ ಮೇಲೆ ಹತ್ತಿಸಿದ್ದಾರೆ. ಹಿಂದೆ ಮೂಟೆ ಹೇರಿಕೊಂಡು ಬಂದವರದ್ದು.

ಒರೆಸಿ ಒಣಗಿಸಿ, ಹೊಳಪು ಹೋಗುವವರೆಗೆ ಅರದಿಂದ ಇಲ್ಲವೇ ಎಮರಿ ಪೇಪರಿನಿಂದ ಉಜ್ಜುತ್ತಾರೆ. ಹಳೇ ಟ್ಯೂಬಿನ ಪ್ಯಾಚು ಕತ್ತರಿಸುವಾಗ ಮೂಲೆ ದುಂಡಗೆ ಮಾಡುತ್ತಾರೆ, ಚೌಕ ಬಿಟ್ಟರೆ ಮೊದಲು ಏಳುವುದು ಮೂಲೆಯೇ. ಎರಡಕ್ಕೂ ಸೊಲ್ಯೂಷನ್ ತೆಳ್ಳಗೆ ಹಚ್ಚಿ ಕಾಯುತ್ತಾರೆ. ಹಸಿಯಿದ್ದಾಗ ಅಂಟಿಸಿದರೆ ಒಳಗೆ ಸಿಕ್ಕಿದ ತೇವ ಬಿಸಿಲಿಗೆ ಉಬ್ಬಿ ಪ್ಯಾಚು ಜಾರುತ್ತದೆ. ಬೆರಳ ಹಿಂಬದಿ ತಾಗಿಸಿದರೆ ಅಂಟಬಾರದು, ಮೂರರಿಂದ ಐದು ನಿಮಿಷ. ಸ್ಕೂಲಿಗೆ ಹೊತ್ತಾಯಿತು ಅಂತ ಅವಸರ ಮಾಡುವ ಹುಡುಗನಿಗೆ ತಾತ ಏನನ್ನುತ್ತಿದ್ದರು? ಅದು ಬೇಕು ನಮಗೆ, ಅವರ ಮಾತಿನಲ್ಲೇ. ಆಮೇಲೆ ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಸೀಮೆಸುಣ್ಣದ ಪುಡಿ ಸವರಿ, ಟೈರಿನೊಳಗೆ ಬೆರಳಾಡಿಸಿ ಜಾಲಿಮುಳ್ಳು ಹುಡುಕುತ್ತಾರೆ. ಈ ಕೊನೆಯದನ್ನು ಮರೆತವರಿಗೇ ‘ಇವರು ಪಂಚರ್ ಹಾಕಿದ್ದು ನಿಲ್ಲಲ್ಲ’ ಅನ್ನುವ ಹೆಸರು ಬರುವುದು.

ಚಕ್ರದ ನಡುವಿನ ಹಬ್ಬು ಬಿಚ್ಚುವ ಕೆಲಸ, ಆಳು ಎಂಥವರು ಅನ್ನುವುದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ನಮ್ಮ 28 ಇಂಚಿನ ಕಪ್ಪು ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದಿನ ಹಬ್ಬಿನಲ್ಲಿ ಕಾಲಿಂಚಿನ ಗುಂಡು (ಬೇರಿಂಗ್ ಬಾಲ್) ಬದಿಗೆ 9, ಮುಂದಿನದರಲ್ಲಿ ಮೂರು ಹದಿನಾರಿಂಚಿನ ಗುಂಡು ಬದಿಗೆ 10, ಪೆಡಲಿನ ನಡುವಿನ ಅಚ್ಚಿನಲ್ಲಿ ಕಾಲಿಂಚಿನದು ಬದಿಗೆ 11. ಗಡಿಬಿಡಿಯವರು ಬಿಚ್ಚುತ್ತಲೇ ಗುಂಡು ನೆಲಕ್ಕೆ ಸುರಿಸಿ, ಕಳೆದ ಎರಡಕ್ಕೆ ಹೊಸದು ಎರಡು ಹಾಕಿ ಮುಚ್ಚುತ್ತಾರೆ. ಸವೆದ ಗುಂಡುಗಳ ನಡುವೆ ಹೊಸದು ಕೂದಲೆಳೆಯಷ್ಟು ದಪ್ಪ, ಪೂರ್ತಿ ಭಾರ ಅದರ ಮೇಲೇ ಕೂತು ಗುಂಡು ಓಡಾಡುವ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ. ಬದಲಿಸಿದರೆ ಪೂರ್ತಿ ಬದಿಯನ್ನೇ ಬದಲಿಸಬೇಕು. ವರ್ಕ್‌ಶಾಪಿನಲ್ಲಿ ಪಳಗಿದವರು ಡಬ್ಬಿಯ ಮುಚ್ಚಳ ಕೆಳಗಿಟ್ಟು, ಎಣಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸಿ, ಗುಂಡುಗಳನ್ನು ಅದುಮಿ ಹಿಡಿಯುವ ಕೋನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡುತ್ತಾರೆ. ಚಕ್ರ ಎತ್ತಿ ಬಿಟ್ಟರೆ ವಾಲ್ ಇರುವ ಕಡೆ ತಾನೇ ಕೆಳಗೆ ಬಂದು ನಿಲ್ಲಬೇಕು. ಅಷ್ಟು ಹಗುರ.

ರಿಮ್ಮಿನ ಔಟ್, ಅಂದರೆ ಓಲಾಟ, ತೆಗೆಯುವುದನ್ನೂ ಹೀಗೆ ಬರೆಯಬಹುದು: ಸೀಮೆಸುಣ್ಣ ಫೋರ್ಕಿಗೆ ಆನಿಸಿ ಹಿಡಿದು ಚಕ್ರ ತಿರುಗಿಸಿ, ಗೀರು ಬಿದ್ದ ಕಡೆಯ ಕಡ್ಡಿ ಸಡಿಲಿಸಿ ಎದುರು ಬದಿಯದು ಬಿಗಿಯುವುದು, ಒಂದು ಸಲಕ್ಕೆ ಕಡ್ಡಿಯ ತುದಿಯ ನಿಪ್ಪಲ್ (ನಟ್ಟು) ಕಾಲು ಸುತ್ತು ಮಾತ್ರ. ಒಂದೇ ಕಡ್ಡಿಯನ್ನು ಜಾಸ್ತಿ ಎಳೆದರೆ ಪಕ್ಕದ ಓಲಾಟ ಹೋಗಿ ಮೇಲೆ ಕೆಳಗಿನ ಕುಣಿತ ಶುರುವಾಗುತ್ತದೆ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಎಡಬಲ ಎದುರುಬದುರಾಗಿ ಹಾಕದಿದ್ದರೆ ಪೆಡಲು ಎರಡೂ ಒಂದೇ ನೇರಕ್ಕೆ ಬರುವುದಿಲ್ಲ, ತುಳಿಯುವವನಿಗೆ ಕುಂಟಿದ ಹಾಗಾಗುತ್ತದೆ. ಸಾಕು, ಇನ್ನು ಹೇಳುತ್ತಾ ಹೋದರೆ ನಾವು ಇಲ್ಲೇ ಅಂಗಡಿ ಇಡಬೇಕಾಗುತ್ತದೆ.

ತಾತ ಇನ್ನೂ ನಮ್ಮ ನಡುವೆ ಇದ್ದರೆ ಕೇಳುವ ರೀತಿ ಬೇರೆ. ‘ತಾತ, ಯುದ್ಧದ ಬಗ್ಗೆ ಹೇಳಿ’ ಅಂದರೆ ‘ಏನಿದೆ ಹೇಳೋದಕ್ಕೆ, ಎಲ್ಲರ ಹಾಗೆ ನಾನೂ ಹೋಗಿದ್ದೆ’ ಅಂತ ಮುಗಿಸುತ್ತಾರೆ. ಕೈಗೆ ಒಂದು ಸ್ಪ್ಯಾನರು ಕೊಟ್ಟು ‘ಇದು ಯಾವ ಗಾಡಿಗೆ ಬರ್ತಿತ್ತು ತಾತ?’ ಅನ್ನಿ. ಉತ್ತರ ನಟ್ಟಿನ ಅಳತೆಯಿಂದ ಶುರುವಾಗಿ ಗಾಡಿ ಕೆಟ್ಟ ಜಾಗಕ್ಕೆ, ಅಲ್ಲಿನ ಚಳಿಗೆ, ಜೊತೆಗಿದ್ದವನ ಹೆಸರಿಗೆ ತಾನೇ ಹೋಗುತ್ತದೆ. ಬೆಳಗ್ಗೆ ಎಷ್ಟಕ್ಕೆ ಏಳಿಸುತ್ತಿದ್ದರು, ಚಹಾ ಯಾವುದರಲ್ಲಿ ಕೊಡುತ್ತಿದ್ದರು, ಅನ್ನ ಸಿಗುತ್ತಿತ್ತೋ ಬರೀ ಚಪಾತಿಯೋ, ಮೊದಲ ರಜಕ್ಕೆ ರೈಲು ಎಲ್ಲಿ ಬದಲಾಯಿಸಿದಿರಿ, ಇಂಥವು ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಪ್ರಶ್ನೆಗೆ ಹಾರಬೇಡಿ, ಹತ್ತೆಣಿಸುವಷ್ಟು ಹೊತ್ತು ಸುಮ್ಮನಿರಿ. ‘ಯಾರನ್ನಾದರೂ ಕೊಂದಿದ್ದೀರಾ’ ಅಂತ ಮಕ್ಕಳು ಕೇಳುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಅವರು ಹೇಳದ್ದನ್ನು ಬಿಡಿ. ಹೇಳಲಿಲ್ಲ ಅನ್ನುವುದನ್ನು ಒಂದು ಸಾಲು ಬರೆದರೆ ಸಾಕು, ಊಹಿಸಿ ತುಂಬಬಾರದು.

ಮೊಬೈಲಿನಲ್ಲಿ ಧ್ವನಿ ತೆಗೆಯುವಾಗ ಫ್ಲೈಟ್ ಮೋಡ್ ಹಾಕಿ, ಫ್ಯಾನು ನಿಲ್ಲಿಸಿ, ಫೋನನ್ನು ಮಡಿಸಿದ ಟವೆಲ್ಲಿನ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡಿ. ಒಂದು ಸಲ ಕೂತರೆ 40 ನಿಮಿಷ ಮೀರಬಾರದು. ಎಂಜಿನ್ ಸದ್ದಿನಲ್ಲಿ ಬದುಕಿದವರಿಗೆ ಒಂದು ಕಿವಿ ಮಂದವಾಗಿರುತ್ತದೆ, ಯಾವುದು ಅಂತ ತಿಳಿದು ಆಚೆ ಬದಿ ಕೂರಿ. ಪ್ರಶ್ನೆ ಕೂಗಿ ಕೇಳಿದರೆ ಅವರಿಗೆ ವಿಚಾರಣೆ ಅನ್ನಿಸುತ್ತದೆ.

ಅಜ್ಜಿ ಇದ್ದರೆ ಮೊದಲು ಅಜ್ಜಿಯನ್ನೇ ಕೇಳಬೇಕಿತ್ತು, ನಾನು ಹೇಳುವುದು ತಡವಾಯಿತು. ಇಸವಿ ಅವರಿಗೆ ನೆನಪಿರುವುದಿಲ್ಲ, ಆದರೆ ‘ನಡುವಿನವನು ಅಂಬೆಗಾಲಿಡುವಾಗ ಬಂದು ಎರಡು ತಿಂಗಳು ಇದ್ದು ಹೋದರು’ ಅನ್ನುತ್ತಾರೆ. ಜವಾನರಿಗೆ ವರ್ಷಕ್ಕೆ ಎರಡು ತಿಂಗಳು ವಾರ್ಷಿಕ ರಜ. ಮಕ್ಕಳ ಹುಟ್ಟಿದ ತಿಂಗಳಿಂದ ಹಿಂದಕ್ಕೆ ಎಣಿಸಿದರೆ ರಜದ ಪಟ್ಟಿಯೇ ಸಿಗುತ್ತದೆ. ನಗಬೇಡಿ, ಕಾಗದಪತ್ರ ಇಲ್ಲದ ಮನೆಗಳಲ್ಲಿ ಇದೇ ಗಟ್ಟಿ ಆಧಾರ. ಮನಿಯಾರ್ಡರ್ ಬರದ ತಿಂಗಳು ಮನೆ ಹೇಗೆ ನಡೆಯಿತು ಅನ್ನುವುದನ್ನೂ ಅವರೊಬ್ಬರೇ ಹೇಳಬಲ್ಲರು.

ಮೊಮ್ಮಕ್ಕಳಿಗೆ ಗೊತ್ತಿರುವ ತಾತ ಮೂರನೆಯವರು. ಸೈನಿಕನನ್ನೂ ಇವರು ನೋಡಿಲ್ಲ, ಅಂಗಡಿ ಏರುಗಾಲದಲ್ಲಿದ್ದಾಗಿನ ಮನುಷ್ಯನನ್ನೂ ನೋಡಿಲ್ಲ. ಪ್ರತಿಯೊಬ್ಬ ಮೊಮ್ಮಗು ಬೇರೆಯವರ ಜೊತೆ ಮಾತಾಡುವ ಮುಂಚೆ ಹತ್ತು ಸಾಲು ತಾನೇ ಬರೆಯಲಿ. ಒಟ್ಟಿಗೆ ಕೂತರೆ ಹಿರಿಯವಳು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ. ಕೇಳಬೇಕಾದ್ದು ಚಿಕ್ಕಪುಟ್ಟದ್ದು: ಒಳಪೆಡಲು ಹೊಡೆಯಲು ಕಲಿಸುವಾಗ ಸೀಟು ಹಿಡಿದು ಹಿಂದೆ ಓಡುತ್ತಿದ್ದರೋ, ಕ್ಯಾರಿಯರ್ ಹಿಡಿಯುತ್ತಿದ್ದರೋ? ಕೈ ಬಿಟ್ಟದ್ದನ್ನು ಹೇಳುತ್ತಿದ್ದರೋ, ಸುಮ್ಮನೆ ಬಿಡುತ್ತಿದ್ದರೋ? ಚಾದರ ಹೇಗೆ ಮಡಿಸುತ್ತಿದ್ದರು? ಕೈಯ ಗ್ರೀಸು ತೆಗೆಯಲು ಸೋಪಿಗೆ ಮುಂಚೆ ಏನು ಹಚ್ಚುತ್ತಿದ್ದರು, ಸೀಮೆಎಣ್ಣೆಯೋ ಮರದ ಹೊಟ್ಟೋ? ಇಬ್ಬರ ಉತ್ತರ ಬೇರೆ ಬಂದರೆ ಎರಡನ್ನೂ ಹಾಗೇ ಇಡಿ, ಪಂಚಾಯ್ತಿ ಮಾಡಿ ಒಂದು ಮಾಡಬೇಡಿ.

ಕಾಪಾಡುವ ವಿಷಯ ಬೇಗ ಮುಗಿಸುತ್ತೇನೆ. ಡಿಸ್ಚಾರ್ಜ್ ಬುಕ್ಕಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಪ್ಲಾಸ್ಟಿಕ್ ಅಂಟಿದರೆ ಬಿಡಿಸಲು ಬರುವುದಿಲ್ಲ. ಹರಿದ ಕಡೆ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೂ ತಿನ್ನುತ್ತದೆ. ಪದಕಗಳನ್ನು ಹುಣಸೆಹಣ್ಣು, ಪಾಲಿಶ್ ಹಾಕಿ ತಿಕ್ಕಿದರೆ ಅಂಚಿನ ಅಕ್ಷರ ಸವೆಯುತ್ತದೆ, ಒಣಬಟ್ಟೆ ಸಾಕು. ಫೋಟೊದ ಹಿಂದೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಮುಂಬದಿಗೆ ಉಬ್ಬುತ್ತದೆ. ಸ್ಕ್ಯಾನ್ ಮಾಡಿಸುವಾಗ ಕಾಗದಕ್ಕೆ 300 ಡಿ.ಪಿ.ಐ., ಫೋಟೊಗೆ 600 ಕೇಳಿ, ಹಿಂಬದಿಯನ್ನೂ ಮಾಡಿಸಿ. ಫೈಲಿನ ಹೆಸರಿನಲ್ಲಿ ಮೊದಲು ಇಸವಿ, ಆಮೇಲೆ ತಿಂಗಳು ಇಟ್ಟರೆ ತಾನಾಗಿಯೇ ಸಾಲಾಗಿ ಕೂರುತ್ತವೆ. ಮೂರು ಪ್ರತಿ ಇರಲಿ: ಒಂದು ಮನೆಯಲ್ಲಿ, ಒಂದು ಬೇರೆ ಊರಿನ ಮಗಳ ಮನೆಯಲ್ಲಿ, ಒಂದು ಆನ್‌ಲೈನ್‌ನಲ್ಲಿ. ವಾಟ್ಸ್ಯಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಚಿಕ್ಕದಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಸೇವಾ ನಂಬರು, ಪೆನ್ಷನ್ ನಂಬರು, ಆಧಾರ್ ಕಾಣುವ ಪುಟಗಳನ್ನು ಮಾತ್ರ ಯಾವ ಗುಂಪಿಗೂ ಹಾಕಬೇಡಿ. ಅಜ್ಜಿಯ ಫ್ಯಾಮಿಲಿ ಪೆನ್ಷನ್ ಅದರ ಮೇಲೇ ನಿಂತಿದೆ, ಮೋಸ ಮಾಡುವವರೂ ಅದನ್ನೇ ಹುಡುಕುತ್ತಾರೆ.

ಸಾಮಾನಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ. ನಿಪ್ಪಲ್ ಕೀ, ಸವೆದ ಹಿಡಿಯ ಸುತ್ತಿಗೆ, ಬಾಡಿಗೆ ಪುಸ್ತಕ, ಆ ಹಲಗೆ ಇಷ್ಟು ಉಳಿಸಿ. ಉಳಿದದ್ದನ್ನು ಈಗಲೂ ಕೆಲಸ ಮಾಡುತ್ತಿರುವ ಸೈಕಲ್ ಶಾಪಿನವರಿಗೆ ಕೊಡಿ, ಗುಜರಿಗೆ ತೂಕಕ್ಕೆ ಹಾಕಬೇಡಿ. ಕೊಡುವ ಮುಂಚೆ ಬೆಂಚಿನ ಮೇಲೆ ಅವು ಇದ್ದ ಕ್ರಮದಲ್ಲೇ ಒಂದು ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು.

ಡಿಸ್ಚಾರ್ಜ್ ಬುಕ್, ಪದಕ ತಂದಿರುವವರು ಈ ಕಡೆಯ ಮೇಜಿಗೆ ಬನ್ನಿ. ಕಿಟಕಿ ಪಕ್ಕ ಬೆಳಕು ಚೆನ್ನಾಗಿದೆ, ಭೂತಗನ್ನಡಿ ಇದೆ, ಅಂಚಿನ ಅಕ್ಷರ ಒಟ್ಟಿಗೇ ಓದೋಣ. ಟ್ರಂಕಿನ ಮುಚ್ಚಳ ಹೊತ್ತು ತಂದ ಯಜಮಾನರು ಮೊದಲು.